ಭುಜ ಎತ್ತಬೇಡಿ ಎಂದವಳು

ಹೋದ ವಾರ ಮೇಘನಾ ಫೋನ್ ಮಾಡಿದ್ದಳು. ಸಿಂಗಸಂದ್ರದ ಸಂಗೀತ ಶಾಲೆಯಲ್ಲಿ ನಾನು ಬಿಟ್ಟುಬಂದ ಕೆಲಸಕ್ಕೆ ಈಗ ಸೇರಿರುವವಳು. "ಮೇಡಂ, ಎರಡನೇ ತೂತಿನ ಎಳೆತ ಯಾರಿಗೂ ಬರ್ತಾನೇ ಇಲ್ಲ. ಊದಿದ್ರೆ ಸರಿಯಾಗಿರತ್ತೆ, ಎಳೆದ್ರೆ ಗಂಟಲು ಕಟ್ಟಿದ ಹಾಗೆ ಸೌಂಡ್ ಬರತ್ತೆ. ಮೌತ್ ಆರ್ಗನ್ನೇ ಕೆಟ್ಟಿದೆ ಅಂತಾರೆ ಎಲ್ಲ" ಎಂದಳು.

ಹೊಸಬರೆಲ್ಲ ಹೇಳುವ ಮಾತೇ ಅದು. ಮೌತ್ ಆರ್ಗನ್ ಕೆಟ್ಟಿರುವುದಿಲ್ಲ, ನಾಲಗೆ ಮೇಲೆದ್ದು ಗಾಳಿಯ ದಾರಿಗೆ ಅಡ್ಡ ಕೂತಿರುತ್ತದೆ ಎಂದು ಹೇಳಿದೆ. ಆಕಳಿಸುವಾಗ ಗಂಟಲು ತೆರೆಯುತ್ತದಲ್ಲ, ಹಾಗೆ ತೆರೆಯಲು ಹೇಳು. ಎಳನೀರು ಹೀರಿದ ಹಾಗೆ ಹೀರಬಾರದು, ತೂತಿನ ಮೂಲಕ ಸುಮ್ಮನೆ ಉಸಿರಾಡಬೇಕು ಎಂದೆ. ಅವಳು ಬರೆದುಕೊಂಡಳು. ಥ್ಯಾಂಕ್ಸ್ ಮೇಡಂ ಎಂದು ಫೋನ್ ಇಟ್ಟಳು.

ಇಂಥವು ಈಗ ಯಾವ ವಿಡಿಯೋದಲ್ಲಾದರೂ ಸಿಗುತ್ತವೆ. ಅವಳಿಗೆ ನಿಜಕ್ಕೂ ಹೇಳಬೇಕಾಗಿದ್ದ ಮಾತು ಬೇರೆ ಇತ್ತು. ಫೋನಿನಲ್ಲಿ ಅದು ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನಾವು ಸಿಂಗಸಂದ್ರದ ಹಳಬರು. ಈಗ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇರುವಲ್ಲಿ ನಮ್ಮ ರಾಗಿ ಹೊಲವಿತ್ತು. ಲಾರಿ ಓಡಿಸುತ್ತಿದ್ದ ಚಿಕ್ಕಪ್ಪ ಮದರಾಸಿನಿಂದ ಒಂದು ಮೌತ್ ಆರ್ಗನ್ ತಂದಿದ್ದರು. ನಾನು ಕೆನ್ನೆ ಉಬ್ಬಿಸಿ ಊದುವುದನ್ನು ಕಂಡು, "ಇಂಗೆ ಊದ್ಬ್ಯಾಡ ಕಣಮ್ಮಿ, ಅದೇನು ಒಲೆ ಕೆಟ್ಟೋಯ್ತಾ? ಅದ್ರೊಳಕ್ಕೆ ಉಸ್ರಾಡು, ಸಾಕು" ಎಂದಿದ್ದರು. ಮುಂದೆ ದೊಡ್ಡ ಮೇಷ್ಟ್ರುಗಳ ಹತ್ತಿರ ಕಲಿತದ್ದೆಲ್ಲ ಇದೇ ಮಾತಿನ ವಿಸ್ತರಣೆ. ಇಪ್ಪತ್ತಾರು ವರ್ಷ ಇದನ್ನೇ ಕಲಿಸಿದೆ.

ಮೊದಲ ವರ್ಷದಲ್ಲೇ ಒಂದು ತಪ್ಪು ಮಾಡಿದೆ. ಹತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಊದು ಎಳೆ, ಊದು ಎಳೆ ಎಂದು ವೇಗವಾಗಿ ಮಾಡಿಸಿದೆ. ಕೊನೆಯಲ್ಲಿ ನಿಂತಿದ್ದ ಹುಡುಗಿ ಕಣ್ಣು ಮೇಲೆ ಮಾಡಿ ಬಿದ್ದುಬಿಟ್ಟಳು. ಅವಸರವಾಗಿ ಆಳದ ಉಸಿರು ತೆಗೆದರೆ ಯಾರಿಗಾದರೂ ತಲೆ ಸುತ್ತುತ್ತದೆ ಎಂಬುದು ಆವತ್ತು ನನಗೆ ಗೊತ್ತಿರಲಿಲ್ಲ. ಅಂದಿನಿಂದ ಮೊದಲ ಒಂದು ತಿಂಗಳು ಯಾರಿಗೂ ಹಾಡು ಹೇಳಿಕೊಡಲಿಲ್ಲ. ಬರೀ ಉಸಿರು. ಎಂಟು ಎಣಿಸುವವರೆಗೆ ಒಂದು ತೂತು ಊದುವುದು, ಎಂಟು ಎಣಿಸುವವರೆಗೆ ಎಳೆಯುವುದು. ಹೊಟ್ಟೆ ಉಬ್ಬಬೇಕು, ಎದೆ ಅಲ್ಲಾಡಬಾರದು, ಭುಜವಂತೂ ಏಳಲೇಬಾರದು.

ಶಾಲೆಯ ಮಾಲೀಕ ಮೋಹನ್ ಸಾರ್‌ಗೆ ಇದು ಹಿಡಿಸುತ್ತಿರಲಿಲ್ಲ. "ಮೇಡಂ, ಪೇರೆಂಟ್ಸ್‌ಗೆ ಹಾಡು ಬೇಕು ಕಣ್ರೀ. ಒಂದು ತಿಂಗ್ಳು ಮಗು ಮನೇಲಿ ಪೂ ಪೂ ಅಂತ ಒಂದೇ ಸ್ವರ ಊದ್ತಿದ್ರೆ ನಮ್ಮನ್ನ ಬಿಡ್ತಾರಾ?" ಎನ್ನುತ್ತಿದ್ದರು. ನಾನು ಬಗ್ಗಲಿಲ್ಲ. ಹಟಮಾರಿ ಎಂಬ ಹೆಸರು ಬಂತು. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೆ ಹೆಮ್ಮೆಯೂ ಇತ್ತು.

ಭುಜ ಏಳದಿರಲು ನಾನೇ ಒಂದು ಉಪಾಯ ಕಂಡುಹಿಡಿದಿದ್ದೆ. ವಿದ್ಯಾರ್ಥಿಯ ಎರಡೂ ಭುಜದ ಮೇಲೆ ಒಂದೊಂದು ನೋಟ್‌ಬುಕ್ ಇಡುತ್ತಿದ್ದೆ. ಪುಸ್ತಕ ಬಿದ್ದರೆ ಮತ್ತೆ ಮೊದಲಿನಿಂದ. ಮಕ್ಕಳಿಗೆ ಅದು ಆಟ. ದೊಡ್ಡವರಿಗೆ ನಾಚಿಕೆ. ಆದರೆ ಎಲ್ಲರಿಗೂ ಮೂರು ವಾರದಲ್ಲಿ ಭುಜ ಕೆಳಗಿಳಿಯುತ್ತಿತ್ತು.

ಇನ್ನೊಂದು ಘಟನೆ ನನ್ನ ತಲೆಗೇರಿತು. ಆರನೇ ಕ್ಲಾಸಿನ ಒಬ್ಬಳು ಊದುವಾಗಲೆಲ್ಲ ಒಂದು ಕಡೆ ಉಸಿರು ತಡೆದ ಹಾಗೆ ಕೇಳಿಸುತ್ತಿತ್ತು. "ಇವಳಿಗೆ ಮೂಗಿನ ಹಿಂದೆ ಏನೋ ಇದೆ, ಡಾಕ್ಟರ್‌ಗೆ ತೋರ್ಸಿ" ಎಂದೆ. ತೋರಿಸಿದರು, ಇತ್ತು, ಆಪರೇಷನ್ ಆಯಿತು. ಅವರಪ್ಪ ಸ್ವೀಟ್ ಬಾಕ್ಸ್ ತಂದು, "ನಾವು ಹೆತ್ತವರಿಗೇ ಕೇಳಿಸದಿದ್ದುದು ನಿಮಗೆ ಕೇಳಿಸ್ತಲ್ಲ ಮೇಡಂ" ಎಂದರು. ಆ ಸುದ್ದಿ ಹರಡಿ ವೈಟ್‌ಫೀಲ್ಡಿನ ಒಂದು ಕಂಪನಿಯವರು ಕರೆಸಿದರು. ಗಾಜಿನ ಕಟ್ಟಡದ ಮಾಳಿಗೆಯಲ್ಲಿ, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ನಲವತ್ತು ಮಂದಿಗೆ ಒತ್ತಡ ಕಡಿಮೆಯಾಗುವುದಕ್ಕೆಂದು ಮೌತ್ ಆರ್ಗನ್ ಹಿಡಿಸಿ ಉಸಿರಾಟ ಕಲಿಸಿದೆ. ಉಸಿರು ಕೇಳಿದರೆ ಮನುಷ್ಯನ ಒಳಗೇನಿದೆ ಎಂದು ಹೇಳಬಲ್ಲೆ ಎಂದು ಅಲ್ಲಿ ಮೈಕಿನಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು.

ಅದಾದ ಎರಡು ತಿಂಗಳಿಗೆ ಶರಣಪ್ಪ ಬಂದ.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ. ಮೂವತ್ತು ದಾಟಿರಲಿಲ್ಲ. ಲಿಂಗಸೂಗೂರಿನ ಕಡೆಯವನು. ಜಿಗಣಿಯಲ್ಲಿ ಗ್ರಾನೈಟ್ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಡೆ ಏಳು ವರ್ಷದಿಂದ ಕೆಲಸ. ಜೇಬಿನಿಂದ ಕರ್ಚೀಫಿನಲ್ಲಿ ಸುತ್ತಿದ ಮೌತ್ ಆರ್ಗನ್ ತೆಗೆದ.

"ನಮ್ಮಪ್ಪ ಸನಾದಿ ಊದ್ತಿದ್ರಿ. ನಾನೂ ಅಪ್ಪನ ಜೋಡಿ ಮದುವಿಗೆ ಹೋಗಿ ಊದೀನ್ರಿ" ಎಂದ. ಸನಾದಿ ಎಂದರೆ ಅವರ ಕಡೆಯ ಶಹನಾಯಿ. ಅದಕ್ಕೆ ಬೇಕಾಗುವ ಉಸಿರು ಸಾಮಾನ್ಯದ್ದಲ್ಲ. "ಮತ್ತೆ ಅದನ್ನೇ ಊದ್ಬಹುದಲ್ಲ, ಇದ್ಯಾಕೆ?" ಎಂದೆ.

"ಒಂದ ಖೋಲ್ಯಾಗ ಆರ್ ಮಂದಿ ಇರ್ತೀವ್ರಿ ಮೇಡಂ. ಪಾಳಿ ಮುಗಿಸಿ ಬಂದು ಮಕ್ಕೊಂಡಿರ್ತಾರ. ಸನಾದಿ ಊದಿದ್ರ ಓಣಿಯವ್ರೆಲ್ಲ ಬಡಿಯಾಕ ಬರ್ತಾರ್ರಿ. ಇದಾದ್ರ ಕಿಸೇದಾಗ ಇರ್ತೈತಿ." ನಕ್ಕು ಮುಂದುವರಿಸಿದ. "ತಂಗಿ ಮದುವಿ ಐತ್ರಿ, ಯುಗಾದಿ ಆದಮ್ಯಾಲ. ಅಪ್ಪ ಈಗಿಲ್ಲ. ಅಕ್ಕಿಕಾಳು ಹಾಕೋ ಹೊತ್ನ್ಯಾಗ ಅಪ್ಪ ಊದ್ತಿದ್ದ ಒಂದು ಧಾಟಿ ಐತಿ. ಅದನ್ನ ನಾನು ಊದ್ಬೇಕ್ರಿ. ಅಷ್ಟ."

ಊದಿ ತೋರಿಸಿ ಎಂದೆ. ಸ್ವರ ಎಲ್ಲಿದೆ ಎಂದು ಅವನ ತುಟಿಗೆ ಗೊತ್ತಿತ್ತು. ಅಷ್ಟು ಚೊಕ್ಕವಾಗಿ ಒಂದೇ ತೂತಿಗೆ ಗಾಳಿ ಬಿಡುವವರನ್ನು ನಾನು ಹೆಚ್ಚು ಕಂಡಿಲ್ಲ. ಆದರೆ ಐದು ಎಣಿಸುವಷ್ಟರಲ್ಲಿ ಸ್ವರ ನಿಂತಿತು. ಎಳೆಯುವಾಗ ನಾಲ್ಕಕ್ಕೇ ನಿಂತಿತು. ಪ್ರತಿ ಸಲವೂ ಎರಡೂ ಭುಜ ಕಿವಿಯ ಹತ್ತಿರ ಹೋಗಿ ಬರುತ್ತಿದ್ದವು.

"ಸನಾದಿ ಊದಿದವ್ರು ಅಂತೀರಿ, ಐದು ಎಣಿಸೋಕಾಗಲ್ವಾ?" ಎಂದೆ.

"ಮೊದ್ಲ ಇತ್ರಿ ಉಸುರು. ಈಗ ಯಾಕೋ ದಮ್ ಹತ್ತತೈತ್ರಿ."

ಅವನು ಆ ಮೊದಲ ದಿನವೇ ಎಲ್ಲವನ್ನೂ ಹೇಳಿದ್ದ. ಕೆಲಸ ಏನು, ಎಷ್ಟು ವರ್ಷದಿಂದ, ಉಸಿರು ಮೊದಲು ಇತ್ತು, ಈಗ ಇಲ್ಲ. ಇಷ್ಟನ್ನೂ ಕೇಳಿಸಿಕೊಂಡ ನಾನು ಗೋಡೆಯ ಪಕ್ಕದ ಮೇಜಿನಿಂದ ಎರಡು ನೋಟ್‌ಬುಕ್ ತಂದು ಅವನ ಭುಜದ ಮೇಲೆ ಇಟ್ಟೆ.

ಐದು ತಿಂಗಳು ಪ್ರತಿ ಭಾನುವಾರ ಬಂದ. ಒಂದು ವಾರವೂ ತಪ್ಪಿಸಲಿಲ್ಲ. ಪುಸ್ತಕ ಬೀಳುತ್ತಿತ್ತು. ಅವನೇ ಬಗ್ಗಿ ಎತ್ತಿ, ಒರೆಸಿ, ಭುಜದ ಮೇಲಿಟ್ಟುಕೊಂಡು ಮತ್ತೆ ಶುರು ಮಾಡುತ್ತಿದ್ದ. ಭುಜ ಅಲ್ಲಾಡದಂತೆ ಬಿಗಿ ಹಿಡಿದರೆ ಮುಖ ಕಪ್ಪಿಡುತ್ತಿತ್ತು. "ಭುಜ ಎತ್ಬೇಡಿ ಶರಣಪ್ಪ, ಭುಜ ಎತ್ಬೇಡಿ" ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಎದೆ ಸಾಲದೆ, ಸಿಕ್ಕ ಸ್ನಾಯುವನ್ನೆಲ್ಲ ಕರೆದು ಗಾಳಿ ಎಳೆದುಕೊಳ್ಳುವ ದೇಹ ಭುಜವನ್ನೂ ಎತ್ತುತ್ತದೆ. ಅದು ಕೆಟ್ಟ ಅಭ್ಯಾಸವಲ್ಲ, ಒದ್ದಾಟ. ಇದನ್ನು ಆಮೇಲೆ ಒಬ್ಬ ಡಾಕ್ಟರ್ ನನಗೆ ಎರಡು ನಿಮಿಷದಲ್ಲಿ ವಿವರಿಸಿದರು.

ಎರಡನೇ ತಿಂಗಳಲ್ಲಿ ಅವನ ಮೌತ್ ಆರ್ಗನ್ನಿನ ಎರಡು ಸ್ವರ ಹಿಡಿದುಕೊಂಡವು. ಸ್ಕ್ರೂ ಬಿಚ್ಚಿ ಮೇಲಿನ ತಗಡು ತೆಗೆದೆ. ಒಳಗೆ ಹಿತ್ತಾಳೆಯ ಸಣ್ಣ ಸಣ್ಣ ನಾಲಗೆಗಳಿರುತ್ತವೆ, ಅವು ಅದುರಿದರೇ ಸ್ವರ. ಅವುಗಳ ಮೇಲೆಲ್ಲ ಬೂದುಬಣ್ಣದ ಪುಡಿ ಉಗುಳಿನೊಂದಿಗೆ ಕಲೆತು ಸಿಮೆಂಟಿನ ಹಾಗೆ ಕಟ್ಟಿತ್ತು. ಮೆತ್ತನೆಯ ಬ್ರಷ್ಷಿನಿಂದ ಅರ್ಧ ಗಂಟೆ ತೆಗೆದೆ.

"ಏನ್ರೀ ಇದು, ಇಷ್ಟೊಂದು ಧೂಳು? ಕೆಲಸದ ಜಾಗಕ್ಕೆ ತಗೊಂಡು ಹೋಗ್ತೀರಾ?"

"ಚಾ ಬಿಟ್ಟಾಗ ಊದ್ತೀನ್ರಿ."

"ಹೋಗ್ಬೇಡಿ. ಇಷ್ಟು ಧೂಳು ಒಳಗೆ ಹೋದ್ರೆ ಯಾವ ಮೌತ್ ಆರ್ಗನ್ನೂ ಉಳಿಯಲ್ಲ. ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಮನೇಲೇ ಇಡಿ" ಎಂದು ಗದರಿದೆ. ಅವನು ತಪ್ಪು ಮಾಡಿದವನ ಹಾಗೆ ತಲೆಯಾಡಿಸಿದ. ಹಿತ್ತಾಳೆಯ ನಾಲಗೆಗಳ ಮೇಲೆ ಕಂಡದ್ದು ಅವನ ಎದೆಯೊಳಗೂ ಇರಬಹುದು ಎಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದರೆ ಹೊಳೆಯಲಿಲ್ಲ. ಅದಕ್ಕೆ ಯಾವ ಸಮಜಾಯಿಷಿಯೂ ನನ್ನಲ್ಲಿಲ್ಲ.

ಶಾಲೆಯ ವಾರ್ಷಿಕೋತ್ಸವ ಬಂತು. ದೊಡ್ಡವರ ಗುಂಪಿನಿಂದ ಅವನನ್ನು ಒಬ್ಬನೇ ನುಡಿಸಲು ಹಾಕಿದೆ. ಸನಾದಿಯ ಆ ಧಾಟಿ ಅಷ್ಟು ಚೆನ್ನಾಗಿತ್ತು. ಮೋಹನ್ ಸಾರ್ ಕೂಡ, "ಸಕ್ಕತ್ತಾಗಿದೆ ಮೇಡಂ, ಇವನ್ನೇ ಕೊನೇಗೆ ಇಡೋಣ" ಎಂದಿದ್ದರು. ವೇದಿಕೆಗೆ ಹತ್ತಿ ಶರಣಪ್ಪ ಎರಡು ಸಾಲು ನುಡಿಸಿದ. ಸಭೆ ಸದ್ದಿಲ್ಲದೆ ಕೂತಿತ್ತು. ಮೂರನೆಯ ಸಾಲಿನ ನಡುವೆ ಸ್ವರ ಕತ್ತರಿಸಿತು. ಮತ್ತೆ ಎತ್ತಿಕೊಂಡ, ಮತ್ತೆ ನಿಂತಿತು. ಕೆಮ್ಮು ಬಂತು, ನಿಲ್ಲಲಿಲ್ಲ. ಕೈಮುಗಿದು ಇಳಿದುಬಿಟ್ಟ.

ಪರದೆಯ ಹಿಂದೆ ನಾನು ಅವನಿಗೆ ಅಂದ ಮಾತನ್ನು ಇಲ್ಲಿ ಬರೆಯಲೇಬೇಕು. "ಮನೇಲಿ ಪ್ರಾಕ್ಟೀಸ್ ಮಾಡ್ದೆ ಬಂದ್ರೆ ಹಿಂಗೇ ಆಗೋದು. ನಿಮ್ಮಪ್ಪ ಇದ್ದಿದ್ರೆ ಏನಂತಿದ್ರು?"

ಅವನು ಬಾಯಿಗೆ ಕರ್ಚೀಫು ಹಿಡಿದು ನಿಂತಿದ್ದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಒಮ್ಮೆ ಫೋನ್ ಮಾಡಿದೆ. "ಸ್ವಲ್ಪ ಹುಷಾರಿಲ್ರಿ ಮೇಡಂ, ಬರ್ತೀನ್ರಿ" ಎಂದ. ಅವಮಾನವಾಗಿ ಬಿಟ್ಟಿದ್ದಾನೆ, ಬರುತ್ತಾನೆ ಬಿಡು ಎಂದುಕೊಂಡೆ.

ಯುಗಾದಿ ಕಳೆದು ಎಷ್ಟೋ ದಿನವಾದ ಮೇಲೆ ಹನುಮೇಶ ಎಂಬವನ ಫೋನ್ ಬಂತು. ಶರಣಪ್ಪನ ಕೋಣೆಯವನು, ಅದೇ ಕಲ್ಲಿನ ಕೆಲಸದವನು. "ಅಕ್ಕಾರ, ಶರಣ್ಯಾಗ ಬಾಳ ಆರಾಮಿಲ್ರಿ. ನಿಮ್ಮನ್ನ ನೆನಸ್ತಾನ. ಒಮ್ಮೆ ಬರ್ತೀರೇನ್ರಿ?" ಎಂದ.

ಮರುದಿನ ಮಧ್ಯಾಹ್ನ ಜಿಗಣಿ ಬಸ್ಸು ಹಿಡಿದೆ. ಶೀಟಿನ ಸೂರಿನ ಕೋಣೆಗಳ ಸಾಲು. ಹನುಮೇಶ ರಸ್ತೆಗೇ ಬಂದು ಕರೆದುಕೊಂಡು ಹೋದ. ದಾರಿಯಲ್ಲಿ ನಡೆದದ್ದನ್ನು ಹೇಳಿದ. ಕೆಮ್ಮಿಗೆ ಟಿ.ಬಿ. ಎಂದು ಆರು ತಿಂಗಳ ಮಾತ್ರೆ ಕೊಟ್ಟಿದ್ದರಂತೆ. ಅಂದರೆ ನನ್ನ ಕ್ಲಾಸಿಗೆ ಬರುತ್ತಿದ್ದಾಗಲೇ ಮಾತ್ರೆ ನುಂಗುತ್ತಿದ್ದ, ಹೇಳಿರಲಿಲ್ಲ. ಹೇಳಿದರೆ ಕ್ಲಾಸಿನಿಂದ ಕಳಿಸುತ್ತಾರೆಂದು ಹೆದರಿದ್ದ. ವಾಸಿಯಾಗದೆ ದೊಡ್ಡಾಸ್ಪತ್ರೆಗೆ ಹೋದಾಗ ಒಬ್ಬ ವಯಸ್ಸಾದ ಡಾಕ್ಟರು, ಏನು ಕೆಲಸ ಮಾಡ್ತೀಯಪ್ಪ ಎಂದು ಕೇಳಿದರಂತೆ. ಅಷ್ಟು ದಿನ ಯಾವ ಡಾಕ್ಟರೂ ಕೇಳಿರಲಿಲ್ಲ. ಎದೆಯ ತುಂಬ ಕಲ್ಲಿನ ಪುಡಿ ಕೂತು ಗಟ್ಟಿಯಾಗಿದೆ, ಇದಕ್ಕೆ ಔಷಧಿಯಿಲ್ಲ, ಮೊದಲು ಆ ಕೆಲಸ ಬಿಡು ಎಂದರಂತೆ.

"ಮದುವೇಲಿ ನುಡಿಸಿದ್ನಾ?" ಎಂದೆ.

"ಊದಿದಾ ರೀ. ಎರಡ ಸಾಲು. ಕೆಮ್ಮು ಬಂತು. ಬ್ಯಾಂಡಿನವ್ರು ಸುರು ಮಾಡಿಬಿಟ್ರು, ಯಾರಿಗೂ ಗೊತ್ತಾಗ್ಲಿಲ್ರಿ."

ಶರಣಪ್ಪ ಗೋಡೆಗೆ ದಿಂಬು ಕೊಟ್ಟು ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅರ್ಧ ಆಳಾಗಿದ್ದ. ಪಕ್ಕದಲ್ಲಿ ಆಮ್ಲಜನಕದ ಬಾಡಿಗೆ ಯಂತ್ರ ಗುಂಯ್ ಎನ್ನುತ್ತಿತ್ತು. ಊರಿನಿಂದ ಬಂದ ಹೆಂಡತಿ ಹುಲಿಗೆವ್ವ ನನಗೆ ಚಾಪೆ ಹಾಸಿದಳು. ನನ್ನನ್ನು ಕಂಡು ಅವನು ನಗಲು ನೋಡಿದ. ಒಂದೊಂದು ಪದಕ್ಕೂ ಉಸಿರು ತೆಗೆದುಕೊಂಡು ಹೇಳಿದ:

"ಅಕ್ಕಾರ... ಭುಜ ಬಾಳ ಏಳಾಕತ್ತಾವ್ರಿ... ಬೈಬ್ಯಾಡ್ರಿ."

ತಮಾಷೆಗೇ ಅಂದಿದ್ದ. ನಾನು ಎದ್ದು ಹೊರಗೆ ಬಂದೆ. ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಂಡೆ. ಒಳಗೆ ಹೋಗಿ, "ನನ್ನದು ದೊಡ್ಡ ತಪ್ಪಾಯ್ತು ಶರಣಪ್ಪ" ಎಂದೆ. "ನೀವೇನ್ ಮಾಡೀರಿ... ಕಲಿಸಿದ್ರಿ" ಎಂದ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆವತ್ತು ಅವನಿಗೆ ನಾನು ಕಲಿಸಬಹುದಾದದ್ದು ಒಂದೇ ಉಳಿದಿತ್ತು. ಮೇಲಿನ ತೂತುಗಳನ್ನು ಊದುವಾಗ ತುಟಿಯನ್ನು ಸಣ್ಣಗೆ, ಗುಂಡಗೆ ಮಾಡಿ ಗಾಳಿಯನ್ನು ಎಳೆಎಳೆಯಾಗಿ ಬಿಡುತ್ತೇವೆ. ಹಾಗೆ ಉಸಿರು ಹೊರಗೆ ಬಿಟ್ಟರೆ ದಮ್ಮು ಕಟ್ಟಿದವರಿಗೆ ಕೊಂಚ ಆರಾಮ ಸಿಗುತ್ತದೆ. ಅವನ ಜೊತೆ ಕೂತು ಮಾಡಿಸಿದೆ. ಮೂಗಿನಲ್ಲಿ ಎರಡು ಎಣಿಸುವಷ್ಟು, ತುಟಿಯಲ್ಲಿ ನಾಲ್ಕು ಎಣಿಸುವಷ್ಟು. ಭುಜ ಹೇಗಾದರೂ ಇರಲಿ ಎಂದೆ. ಆರು ಭಾನುವಾರ ಹೋದೆ. ಮೊದಲೆರಡು ವಾರ ಅದರಿಂದ ಅವನಿಗೆ ಒಂದಿಷ್ಟು ನಿದ್ದೆ ಬಂತೆಂದು ಹುಲಿಗೆವ್ವ ಹೇಳಿದಳು. ಆಮೇಲೆ ನಾಲ್ಕು ಎಣಿಕೆ ಮೂರಾಯಿತು, ಎರಡಾಯಿತು.

ಆ ನಡುವೆ ಒಂದು ದಿನ ಅವನ ಕೆಲಸದ ಜಾಗಕ್ಕೂ ಹೋದೆ. ಗೇಟಿನ ಹೊರಗಿನ ಬೇವಿನ ಮರವೇ ಬೆಳ್ಳಗಿತ್ತು. ಸೂಪರ್‌ವೈಸರ್ ಮರ್ಯಾದೆಯಿಂದಲೇ ಮಾತಾಡಿದ. "ಮಾಸ್ಕ್ ಕೊಡ್ತೀವಿ ಮೇಡಂ, ಅವ್ರೇ ಹಾಕ್ಕೊಳಲ್ಲ. ಸೆಕೆ ಅಂತಾರೆ. ನಾನೇನ್ ಮಾಡ್ಲಿ ಹೇಳಿ" ಎಂದ. ಅವನ ಕೊರಳಲ್ಲಿ ತೂಗುತ್ತಿದ್ದುದು ಕೊರೊನಾ ಕಾಲದ ತೆಳುಬಟ್ಟೆಯ ಮಾಸ್ಕು. ಮಾತಿನ ನಡುವೆ ಅವನೂ ಎರಡು ಸಲ ಕೆಮ್ಮಿದ. ದೂರು ಬರೆದು ಎರಡು ಕಚೇರಿಗಳಿಗೆ ಕೊಟ್ಟೆ. ಕಾಗದ ತೆಗೆದುಕೊಂಡು ಸೀಲು ಒತ್ತಿದರು. ಅಲ್ಲಿಗೆ ಮುಗಿಯಿತು.

ಏಳನೇ ಭಾನುವಾರದ ಹೊತ್ತಿಗೆ ಅವನನ್ನು ಊರಿಗೆ ಕರೆದೊಯ್ದಿದ್ದರು. ಹತ್ತು ದಿನಕ್ಕೆ ಹನುಮೇಶ ಫೋನ್ ಮಾಡಿದ. "ಹ್ವಾದ ರೀ ಅಕ್ಕಾರ" ಎಂದಷ್ಟೇ ಹೇಳಿ ಅತ್ತ.

ಮೇಘನಾ, ಇದನ್ನೆಲ್ಲ ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ನಿನ್ನ ಮುಂದೆ ಬಂದು ಕೂರುವವರನ್ನು ಮೊದಲು ಏನು ಕೆಲಸ, ಎಷ್ಟು ವರ್ಷದಿಂದ, ಮೊದಲು ಹೀಗಿತ್ತೇ ಎಂದು ಕೇಳು. ಕಾರ್ಖಾನೆಗಳಲ್ಲಿ ಲೋಹ ಉಜ್ಜುವವರು, ಬಣ್ಣ ಹೊಡೆಯುವವರು, ಕಟ್ಟಡದಲ್ಲಿ ಟೈಲ್ಸ್ ಕೊಯ್ಯುವವರು ಬರುತ್ತಾರೆ. ಉಸಿರು ಸಾಲದಿದ್ದರೆ ಅಭ್ಯಾಸ ಸಾಲದು ಎಂದು ಬೈಯಬೇಡ. ಇದು ನಾನು ಕೊಡಬಹುದಾದ ಬುದ್ಧಿಮಾತು. ಆದರೆ ಕೇಳಿದರೆ, ಗೊತ್ತಾದರೆ ಎಲ್ಲ ಸರಿಹೋಗುತ್ತದೆ ಎಂದು ಮಾತ್ರ ಹೇಳಲಾರೆ. ಅದನ್ನು ಹೇಳಲಾಗದ್ದಕ್ಕೇ ಫೋನಿನಲ್ಲಿ ಸುಮ್ಮನಾದೆ.

ಶರಣಪ್ಪ ಹೋದ ಮೂರನೇ ತಿಂಗಳು, ಒಂದು ಭಾನುವಾರ ಹನುಮೇಶ ಕ್ಲಾಸಿಗೆ ಬಂದ. ನಾನು ಆಗಲೂ ಕಲಿಸುತ್ತಿದ್ದೆ, ಆದರೆ ಯಾರ ಭುಜವನ್ನೂ ಮುಟ್ಟುತ್ತಿರಲಿಲ್ಲ. ಅವನು ಕೂತ ಕೂಡಲೇ, ಅವನು ಬಾಯಿ ತೆರೆಯುವ ಮೊದಲೇ ನಾನೇ ಶುರು ಮಾಡಿದೆ.

"ಹನುಮೇಶ, ಕ್ಲಾಸು ಆಮೇಲೆ. ಮೊದ್ಲು ಎದೆ ಎಕ್ಸ್‌ರೇ ತೆಗೆಸ್ಬೇಕು. ನಾಳೇನೇ ಹೋಗೋಣ, ನಾನೂ ಬರ್ತೀನಿ."

"ತೆಗಿಸೀನ್ರಿ ಅಕ್ಕಾರ. ಹ್ವಾದ ತಿಂಗಳ ತೆಗಿಸೀನಿ."

"ಏನಂದ್ರು?"

ಅವನು ತನ್ನ ಕೈಗಳನ್ನು ನೋಡಿಕೊಂಡ. "ಶರಣ್ಯಾಂದು ಹೆಂಗಿತ್ತು, ಹಂಗ ಐತ್ರಿ. ಇನ್ನಾ ಸ್ವಲ್ಪ ಕಡಿಮಿ ಐತಂತ."

"ಮತ್ತೆ ಕೆಲಸ ಬಿಟ್ರಾ?"

"ಬಿಟ್ಟು ಏನ್ ಮಾಡ್ಲಿ ಹೇಳ್ರಿ. ಇದೊಂದ ಬರ್ತೈತಿ ನನಗ. ಮೂರ್ ಮಕ್ಕಳದಾರ." ಆಮೇಲೆ ಬಂದ ಕಾರಣ ಹೇಳಿದ: "ನನಗ ಬಾಜಾ ಊದೋದು ಬ್ಯಾಡ್ರಿ. ಅವಗ ಕಡೀಕ ಕಲಿಸಿದ್ರೆಲ್ಲಾ, ತುಟಿ ಗುಂಡಗ ಮಾಡಿ ಉಸುರು ಬಿಡೋದು? ನಾ ಅಲ್ಲೇ ಕುಂತು ನೋಡೀನ್ರಿ, ಆದ್ರ ಬರೋಬ್ಬರಿ ಗೊತ್ತಾಗ್ಲಿಲ್ಲ. ಅದನ್ನ ಈಗ್ಲೇ ಕಲಿಸಿಬಿಡ್ರಿ. ಆಮ್ಯಾಲ ನನಗ ಕಲಿಯಾಕ ಆಗ್ತೈತೋ ಇಲ್ಲೋ."

ಕಲಿಸಿದೆ. ಮೂಗಿನಲ್ಲಿ ಎರಡು, ತುಟಿಯಲ್ಲಿ ನಾಲ್ಕು. ಬೇಗ ಕಲಿತ. ಎಷ್ಟು ಚೆನ್ನಾಗಿ ಬಂತೆಂದರೆ, ಬೇರೆ ಯಾರಾದರೂ ಆಗಿದ್ದರೆ ಭೇಷ್ ಎನ್ನುತ್ತಿದ್ದೆ. ಒಂದು ಗಂಟೆಯ ಮೇಲೆ ಎದ್ದು, "ಬರ್ತೀನ್ರಿ ಅಕ್ಕಾರ, ನಾಳಿ ಮುಂಜಾನಿ ಪಾಳಿ ಐತಿ" ಎಂದು ಮೆಟ್ಟಿಲಿಳಿದು ಹೋದ. ಮರುದಿನ ಮೋಹನ್ ಸಾರ್ ಬಳಿಗೆ ಹೋಗಿ, ಇನ್ನು ನನ್ನಿಂದಾಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದೆ.